ಬೂರ್ಜ್ವಾ ಮನೆಯ ಮಹಡಿಗಳು

(ಬನಶಂಕರಿಯಲ್ಲಿ ಹಾಸ್ಟೆಲ್ ಗೆಳೆಯರ ಅಧ್ಯಯನ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ನಮ್ಮ ಹಾಸ್ಟೆಲುಗಳಲ್ಲಿ ಬೂರ್ಜ್ವಾ ಅನ್ನೋದು ಒಂದು ಬೈಗುಳ. ಇಸ್ತ್ರಿ ಬಟ್ಟೆ ಹಾಕಿದವನು ಬೂರ್ಜ್ವಾ, ಬೈಕು ಕೊಂಡವನು ಬೂರ್ಜ್ವಾ, ಮೆಸ್ಸಿನ ಸಾರು ಸಪ್ಪೆ ಅಂದವನೂ ಬೂರ್ಜ್ವಾ. ನಾವೂ ಹಾಗೆ ಬೈದುಕೊಂಡು ಬಂದವರೇ. ಬೈದರೆ ಬಾಯಿ ಚಪಲ ತೀರುತ್ತೆ. ಆದರೆ ಎದುರಿಗೆ ನಿಂತವನು ಯಾರು ಅನ್ನೋದು ಗೊತ್ತಾಗೋದಿಲ್ಲ. ಎದುರಿಗಿರೋದು ಒಬ್ಬನಲ್ಲ. ಒಬ್ಬರನ್ನೊಬ್ಬರು ಕಂಡರೆ ಆಗದ ಹಲವರು ಒಂದೇ ಮನೆಯ ಬೇರೆ ಬೇರೆ ಮಹಡಿಗಳಲ್ಲಿ ಬದುಕ್ತಿದ್ದಾರೆ.

ಇಲ್ಲೇ ಬನಶಂಕರಿ ಗುಡಿಯ ಮುಂದೆ ನಿಂತು ನೋಡಿ. ಮಂಗಳವಾರ, ಶುಕ್ರವಾರ ರಾಹುಕಾಲಕ್ಕೆ ನಿಂಬೆಹಣ್ಣಿನ ಸಿಪ್ಪೆಯಲ್ಲಿ ದೀಪ ಹಚ್ಚೋಕೆ ಜನ ಸಾಲುಗಟ್ಟಿರ್ತಾರೆ. ಗೋಣಿ ಹಾಸಿಕೊಂಡು ನಿಂಬೆಹಣ್ಣು ಮಾರುವ ಹೆಂಗಸು ಬೆಳಿಗ್ಗೆ ಸಾಲ ತಂದು ಸಂಜೆ ತೀರಿಸುವವಳು. ಅವಳನ್ನು ಯಾವ ಲೆಕ್ಕದಲ್ಲೂ ಬಂಡವಾಳಗಾರ್ತಿ ಅನ್ನೋಕಾಗಲ್ಲ. ಎರಡು ರಸ್ತೆ ಆಚೆ ಒಬ್ಬ ದಿನಸಿ ಅಂಗಡಿಯವನಿದ್ದಾನೆ. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ಬಾಡಿಗೆಗೆ ಒಂದು ರೂಮು. ಮನೆ ಕಟ್ಟಿದ್ದು ಬ್ಯಾಂಕಿನ ಸಾಲದಲ್ಲಿ. ಆ ಹೆಂಗಸಿನ ಬುಟ್ಟಿಯಲ್ಲೂ ಈತನ ಗಲ್ಲಾಪೆಟ್ಟಿಗೆ ಮೇಲೂ ಒಂದೇ ಫೋನ್‌ಪೇ ಚೀಟಿ ಅಂಟಿದೆ. ಆ ಕಂಪನಿಯ ಕಚೇರಿ ಇರೋದು ಬೆಂಗಳೂರಲ್ಲಿ, ಅದರ ದೊಡ್ಡ ಪಾಲು ಅಮೆರಿಕದ ವಾಲ್‌ಮಾರ್ಟಿನದು.

ಈ ಮಹಡಿಗಳನ್ನು ಮಾರ್ಕ್ಸ್ ಕಂಡಿದ್ದ. 1850ರಲ್ಲಿ ಫ್ರಾನ್ಸಿನ ವರ್ಗ ಹೋರಾಟಗಳ ಬಗ್ಗೆ ಬರೆಯುವಾಗ ಅವನು ಹೇಳಿದ್ದಿಷ್ಟು: 1830ರಿಂದ 1848ರವರೆಗೆ ಲೂಯಿ ಫಿಲಿಪ್ಪನ ಕಾಲದಲ್ಲಿ ಆಳಿದ್ದು ಇಡೀ ಬೂರ್ಜ್ವಾ ವರ್ಗವಲ್ಲ, ಅದರ ಒಂದು ಬಣ ಮಾತ್ರ. ಬ್ಯಾಂಕಿನ ಧಣಿಗಳು, ಷೇರುಪೇಟೆಯ ದೊರೆಗಳು, ರೈಲು ಮತ್ತು ಗಣಿಗಳ ಒಡೆಯರು. ಕಾರ್ಖಾನೆ ಮಾಲೀಕರು ಆಗ ವಿರೋಧ ಪಕ್ಷದಲ್ಲಿ ಕೂತಿದ್ದರು! ಇನ್ನು ಕೆಳಗಿನ ಮಹಡಿಯ ಸಣ್ಣ ಬೂರ್ಜ್ವಾ, ಅಂದರೆ ಪ್ಯಾರಿಸಿನ ಅಂಗಡಿಯವರ ಕತೆ ಕೇಳಿ. 1848ರ ಜೂನ್‌ನಲ್ಲಿ ಕೂಲಿಕಾರರು ದಂಗೆ ಎದ್ದಾಗ, ಆಸ್ತಿ ಉಳಿಸಿ ಅಂತ ಅವರ ಮೇಲೆ ಎಲ್ಲರಿಗಿಂತ ಆವೇಶದಿಂದ ಬಿದ್ದವರು ಇವರೇ. ಕೂಲಿಕಾರರು ಸತ್ತರು. ಅಂಗಡಿಯವರು ಗೆದ್ದು ಬಂದು ಬಾಗಿಲು ತೆಗೆದರೆ ಹೊಸ್ತಿಲಲ್ಲಿ ಸಾಲಗಾರ ನಿಂತಿದ್ದಾನೆ. ಬಾಡಿಗೆ ಬಾಕಿ, ಹುಂಡಿ ಬಾಕಿ. ತಾವು ಕಾದಿದ್ದು ತಮ್ಮದಲ್ಲದ ಮನೆಗೆ, ತಮ್ಮದಲ್ಲದ ಸರಕಿಗೆ ಅಂತ ಆಗ ತಿಳಿಯಿತು. ಸಾಲಕ್ಕೆ ರಾಜಿ ಮಾಡಿಸಿ ಅಂತ ಸಭೆಯ ಮುಂದೆ ಹೋದರೆ ಆಗಸ್ಟಿನಲ್ಲಿ ಅದೂ ಬಿದ್ದುಹೋಯಿತು.

ನಮ್ಮಲ್ಲಿ ಈ ಜಗಳ ಇನ್ನೊಂದು ಹೆಸರಲ್ಲಿ ನಡೆಯಿತು. ರಾಷ್ಟ್ರೀಯ ಬಂಡವಾಳಗಾರ ಯಾರು, ಪರದೇಶದ ದಲ್ಲಾಳಿ ಯಾರು? 1964ರಲ್ಲಿ ಕಮ್ಯುನಿಸ್ಟ್ ಪಕ್ಷ ಒಡೆಯೋಕೆ ಈ ಪ್ರಶ್ನೆಯೂ ಒಂದು ಕಾರಣ. 1969ರಲ್ಲಿ ಹುಟ್ಟಿದ ಮೂರನೇ ಪಕ್ಷವಂತೂ ದೊಡ್ಡವರೆಲ್ಲ ದಲ್ಲಾಳಿಗಳೇ ಅಂದುಬಿಟ್ಟಿತು. ಪಾಠ ಬೇಡ, ಒಂದು ಉದಾಹರಣೆ ಸಾಕು. 2007ರಲ್ಲಿ ಕೋರಮಂಗಲದಲ್ಲಿ ಪುಸ್ತಕ ಮಾರುತ್ತ ಶುರುವಾದ ಫ್ಲಿಪ್‌ಕಾರ್ಟನ್ನು ನಮ್ಮ ಹುಡುಗರ ಕಂಪನಿ ಅಂತ ಪತ್ರಿಕೆಗಳು ಹೊಗಳಿದವು. 2018ರಲ್ಲಿ ಅದರ 77 ಪರ್ಸೆಂಟ್ ಪಾಲು 1,600 ಕೋಟಿ ಡಾಲರಿಗೆ ವಾಲ್‌ಮಾರ್ಟಿನ ಕೈ ಸೇರಿತು. ಅದೇ ವರ್ಷ ಸೆಪ್ಟೆಂಬರ್ 28ರಂದು ಇದರ ವಿರುದ್ಧ ವರ್ತಕರ ಒಕ್ಕೂಟ ದೇಶದಾದ್ಯಂತ ಬಂದ್‌ಗೆ ಕರೆಕೊಟ್ಟಿತು. ಧಣಿಯ ಮೇಲೆ ಧಣಿ! ರಾಷ್ಟ್ರೀಯನೋ ದಲ್ಲಾಳಿಯೋ ಅನ್ನೋದು ಹುಟ್ಟಿನಿಂದ ಬರೋ ಗುಣವಲ್ಲ, ಚೆಕ್ಕು ಕೈಗೆ ಬಂದ ದಿನ ಗೊತ್ತಾಗೋದು ಅಂತ ನಮಗನ್ನಿಸುತ್ತೆ.

ಈಗ ನಮ್ಮ ದಿನಸಿ ಅಂಗಡಿಯವನಿಗೆ ಬರೋಣ. 2025ರ ಜುಲೈನಲ್ಲಿ ತೆರಿಗೆ ಇಲಾಖೆ ಯುಪಿಐ ಲೆಕ್ಕ ತೆಗೆದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತಲ್ಲ, ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟು ದಾಟಿದವರು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ ಅಂತ. ಊರ ತುಂಬ ಚೀಟಿಗಳನ್ನು ಕಿತ್ತು 'ಕ್ಯಾಶ್ ಮಾತ್ರ' ಅಂತ ಬೋರ್ಡು ಹಾಕಿದರು. ಈತನೂ ಹಾಕಿದ. 25ಕ್ಕೆ ಬಂದ್ ಅಂತ ಮಾತಾಯಿತು. ಮನವಿಗೆ ಸಹಿ ಬೇಕು, ಓದಿದ ಹುಡುಗರು ನೀವು ಬನ್ನಿ ಅಂತ ನಮ್ಮನ್ನು ಕರೆದ.

ಅವನು ಮರೆತಿದ್ದ, ನಾವು ಮರೆತಿರಲಿಲ್ಲ. ಒಂದು ತಿಂಗಳ ಹಿಂದೆ ನಮ್ಮಲ್ಲಿ ಇಬ್ಬರು ಹಾಸ್ಟೆಲು ಬಿಟ್ಟು ಅವನ ಮೂರನೇ ಮಹಡಿಯ ರೂಮು ಕೇಳೋಕೆ ಹೋಗಿದ್ದರು. ಅಡ್ವಾನ್ಸ್ ಮಾತಾಗಿ, ಬೀಗದ ಕೈ ಹೊರಗೆ ಬಂದು, ಆಮೇಲೆ ಬಂತು ಪ್ರಶ್ನೆ: 'ನೀವು ಯಾವ ಪೈಕಿ?' ಹೇಳಿದೆವು. ಬೀಗದ ಕೈ ಒಳಗೆ ಹೋಯಿತು. ರೂಮು ತಂಗಿಯ ಮಗನಿಗಂತೆ. ಅದು ಇವತ್ತಿಗೂ ಖಾಲಿ ಇದೆ.

ಪ್ಯಾರಿಸಿನ ಅಂಗಡಿಯವನಿಗೂ ಇವನಿಗೂ ವ್ಯತ್ಯಾಸ ಇಲ್ಲಿದೆ. ಮೆಟ್ಟಿಲಿಲ್ಲದ ಮಹಡಿ ಕಟ್ಟಡ ಈ ಜಾತಿ ಸಮಾಜ, ಹುಟ್ಟಿದ ಮಹಡಿಯಲ್ಲೇ ಸಾಯಬೇಕು ಅಂತ ಬಾಬಾಸಾಹೇಬರು 1920ರಲ್ಲೇ 'ಮೂಕನಾಯಕ'ದಲ್ಲಿ ಬರೆದರು. ನಮ್ಮ ಅಂಗಡಿಯವನು ಎರಡು ಕಟ್ಟಡಗಳಲ್ಲಿ ಒಟ್ಟಿಗೆ ವಾಸ ಮಾಡ್ತಾನೆ. ದುಡ್ಡಿನ ಕಟ್ಟಡದಲ್ಲಿ ಅವನು ತಳದವನು, ಇವತ್ತೋ ನಾಳೆಯೋ ಬೀದಿಗೆ ಬೀಳುವವನು. ಜಾತಿಯ ಕಟ್ಟಡದಲ್ಲಿ ಅವನ ಕೆಳಗೆ ಯಾವಾಗಲೂ ನಾವಿದ್ದೇವೆ. ವಾಲ್‌ಮಾರ್ಟ್ ಅಂಗಡಿ ಮುಚ್ಚಿಸಿದರೂ ಆ ಎತ್ತರ ಹೋಗೋದಿಲ್ಲ. ಅದಕ್ಕೇ ಅವನು ಮೇಲಿನವನನ್ನು ಬೈದಷ್ಟು ಸುಲಭವಾಗಿ ನಮ್ಮ ಪಕ್ಕಕ್ಕೆ ಬಂದು ನಿಲ್ಲೋಕೆ ಆಗಲ್ಲ. 1938ರಲ್ಲಿ ಮನ್ಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಮುಂದೆ ಬಾಬಾಸಾಹೇಬರು ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡನ್ನೂ ಶತ್ರು ಅಂತ ಕರೆದದ್ದು ಸುಮ್ಮನೆ ಅಲ್ಲ. (ನಾಳೆ ನಮ್ಮಲ್ಲೇ ಒಬ್ಬ ಕೆಎಎಸ್ ಮಾಡಿ, ಮೂವತ್ತು ನಲವತ್ತರ ಸೈಟು ತಗೊಂಡು, ರೂಮು ಕಟ್ಟಿಸಿ, ಬಾಡಿಗೆಗೆ ಬಂದ ಹುಡುಗನನ್ನು ಏನು ಕೇಳ್ತಾನೆ? ಈಗ ನಗಬೇಡಿ.)

ಸಹಿ ಹಾಕೋದೋ ಬೇಡವೋ ಅಂತ ರಾತ್ರಿ ಮೂರು ತಾಸು ಕಿತ್ತಾಡಿದೆವು. ಅವನ ಅಂಗಡಿ ಮುಚ್ಚಿದರೆ ಆ ಜಾಗಕ್ಕೆ ಬರೋದು ಇನ್ನೂ ದೊಡ್ಡ ಬಾಯಿ ಅಂತ ಕೆಲವರು. ಬರಲಿ ಬಿಡಿ, ದೊಡ್ಡ ಕಂಪನಿ ಕನಿಷ್ಠ ಪೈಕಿ ಕೇಳಲ್ಲ ಅಂತ ಒಬ್ಬ. ಆ ಮಾತಿಗೆ ನಮ್ಮಲ್ಲಿ ಯಾರಿಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಕಡೆಗೆ ಎಂಟು ಜನರಲ್ಲಿ ಐವರು ಸಹಿ ಹಾಕಿದೆವು, ಮೂವರು ಹಾಕಲಿಲ್ಲ.

ಜುಲೈ 23ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳಲ್ಲ ಅಂದರು. ಬಂದ್ ನಿಂತಿತು. ಸಹಿ ಮಾಡಿದ ಕಾಗದವನ್ನು ಅದಕ್ಕೆ ಮೊದಲೇ ಕೊಟ್ಟಿದ್ದೆವು. ಕೊಡುವಾಗ ರೂಮಿನ ಮಾತೂ ಎತ್ತಿದೆವು. ಅವನು ಕಾಗದ ಮಡಚಿ ಜೇಬಿಗಿಟ್ಟು, 'ಅದು ಬೇರೆ ವಿಷಯ' ಅಂದ.

ಅದು ಬೇರೆ ವಿಷಯವೋ, ಇದೇ ವಿಷಯವೋ? ಸಹಿ ಹಾಕದ ಮೂವರೂ ಇಲ್ಲೇ ಕೂತಿದ್ದಾರೆ. ಮೊದಲು ಅವರು ಮಾತಾಡಲಿ.