ಸಂದೇಶ ರವಾನೆಯ ತಂತ್ರಾಂಶವನ್ನು ಒರೆಗೆ ಹಚ್ಚುವ ಬಗೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಮಕ್ಕಳಲ್ಲಿ ಅನೇಕರು ಇಂದು ಗಣಕವಿಜ್ಞಾನವನ್ನು ಅಭ್ಯಾಸ ಮಾಡುತ್ತಿದ್ದಾರೆ. ಅವರು ಓದುವ ಒಂದು ವಿಷಯವನ್ನು ಹಿರಿಯರಿಗೂ ತಿಳಿಯುವಂತೆ ಕನ್ನಡದಲ್ಲಿ ನಿವೇದಿಸುವುದು ನನ್ನ ಉದ್ದೇಶ.

ಒಂದೇ ಯಂತ್ರದ ಅಳವಿಗೆ ಮೀರಿದ ಲೆಕ್ಕವನ್ನು ಹಲವು ಗಣಕಯಂತ್ರಗಳಿಗೆ ಹಂಚಿಕೊಡುವುದುಂಟು. ಮಳೆಯ ಮುನ್ಸೂಚನೆಯನ್ನೇ ತೆಗೆದುಕೊಳ್ಳೋಣ. ಭೂಭಾಗವನ್ನು ಚೌಕಗಳಾಗಿ ವಿಭಾಗಿಸಿ, ಕಾಸರಗೋಡಿನ ಭಾಗವನ್ನು ಒಂದು ಯಂತ್ರಕ್ಕೂ ಮಂಗಳೂರಿನ ಭಾಗವನ್ನು ಇನ್ನೊಂದಕ್ಕೂ ಒಪ್ಪಿಸಿದೆವೆನ್ನಿ. ಮೋಡಕ್ಕೆ ರಾಜ್ಯಗಳ ಎಲ್ಲೆಯಿಲ್ಲ. ಆದಕಾರಣ ಲೆಕ್ಕದ ಪ್ರತಿಯೊಂದು ಹೆಜ್ಜೆಯಲ್ಲಿಯೂ ಅಂಚಿನ ಚೌಕಗಳ ಗಾಳಿ, ಉಷ್ಣ, ತೇವಗಳ ಅಂಕಿಗಳು ನೆರೆಯ ಯಂತ್ರಕ್ಕೆ ತಲುಪಬೇಕು. ಗಡಿಯ ಸುದ್ದಿ ಆಚೆಗೆ ಮುಟ್ಟದೆ ಹೋದರೆ ಒಳನಾಡಿನ ಲೆಕ್ಕವೂ ಕೆಡುತ್ತದೆ. ಗಡಿಯಲ್ಲಿ ಬಾಳುವ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಸುದ್ದಿಯನ್ನು ಸಾಗಿಸುವುದೇ ಸಂದೇಶ ರವಾನೆಯ ತಂತ್ರಾಂಶದ ಕಾರ್ಯ.

1989ರಲ್ಲಿ ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಪಿವಿಎಂ ಎಂಬ ತಂತ್ರಾಂಶದ ಕೆಲಸ ಆರಂಭವಾಯಿತು. ಬೇರೆ ಬೇರೆ ಬಗೆಯ ಯಂತ್ರಗಳನ್ನು ಒಂದುಗೂಡಿಸಿ, ಒಂದೇ ಯಂತ್ರವೆಂಬಂತೆ ದುಡಿಸುವುದು ಅದರ ಗುರಿ. ಆ ಕಾಲದಲ್ಲಿ ತಯಾರಕರು ತಮ್ಮ ತಮ್ಮ ಯಂತ್ರಗಳಿಗೆ ತಮ್ಮದೇ ರವಾನೆಯ ಪದ್ಧತಿಗಳನ್ನು ಇಟ್ಟುಕೊಂಡಿದ್ದರು. ಯಂತ್ರ ಬದಲಾದರೆ ಪ್ರೋಗ್ರಾಮನ್ನೂ ತಿದ್ದಿ ಬರೆಯಬೇಕಾಗಿತ್ತು. ಈ ತೊಡಕನ್ನು ನೀಗಲು ವಿಜ್ಞಾನಿಗಳೂ ತಯಾರಕರೂ 1992ರಿಂದ ಕೂಡಿ ಚರ್ಚಿಸಿ, 1994ರಲ್ಲಿ ಎಂಪಿಐಯನ್ನು ಪ್ರಕಟಿಸಿದರು. ಎಂಪಿಐ ಎಂಬುದು ತಂತ್ರಾಂಶವಲ್ಲ, ಎಲ್ಲರೂ ಒಪ್ಪಿದ ನಿಯಮಾವಳಿ. ಅದಕ್ಕನುಸಾರವಾಗಿ ರಚಿತವಾದ ಎಂಪಿಚ್, ಓಪನ್ ಎಂಪಿಐ ಮೊದಲಾದ ತಂತ್ರಾಂಶಗಳು ಬೆಲೆಯಿಲ್ಲದೆ ದೊರೆಯುತ್ತವೆ.

ಇವುಗಳ ಗುಣವನ್ನು ಅಳೆಯುವುದು ಹೇಗೆ? ವೇಗವೊಂದನ್ನೇ ಕೇಳುವುದು ಸಾಲದು. ಅಂಚೆಯಲ್ಲಿ ಕಾಗದವನ್ನು ಲಕೋಟೆಗೆ ಹಾಕಿ, ವಿಳಾಸ ಬರೆದು, ಡಬ್ಬಿಗೆ ಹಾಕುವ ಶ್ರಮ ಬೇರೆ. ಚೀಲದ ತೂಕ ಬೇರೆ. ಇಲ್ಲಿಯೂ ಹಾಗೆಯೇ. ಒಂದು ಸಂದೇಶವನ್ನು ಹೊರಡಿಸಿ ಮುಟ್ಟಿಸಲು 50 ಮೈಕ್ರೊಸೆಕೆಂಡು, ಅದರ ಒಂದೊಂದು ಬೈಟಿಗೆ 0.008 ಮೈಕ್ರೊಸೆಕೆಂಡು ಹಿಡಿಯುವುದೆಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. 8 ಬೈಟುಗಳ 1000 ಅಂಕಿಗಳನ್ನು ಒಂದೊಂದಾಗಿ ಕಳುಹಿಸಿದರೆ 50,064 ಮೈಕ್ರೊಸೆಕೆಂಡು ಬೇಕು. ಒಂದೇ ಕಟ್ಟಾಗಿ ಕಳುಹಿಸಿದರೆ 114 ಸಾಕು. ಸುಮಾರು 440 ಪಟ್ಟು ಅಂತರ! ಆದುದರಿಂದ ಚಿಕ್ಕ ಸಂದೇಶದ ಕಾಲವನ್ನೂ ದೊಡ್ಡ ಸಂದೇಶದ ಕಾಲವನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ಎರಡನೆಯದಾಗಿ, ಬಿಡುವಾಗಿರುವ ಎರಡೇ ಯಂತ್ರಗಳ ನಡುವಣ ಅಳತೆಯನ್ನು ನೆಚ್ಚಿ ಕೂರಬಾರದು. ಎಲ್ಲ ಯಂತ್ರಗಳೂ ಏಕಕಾಲದಲ್ಲಿ ಮಾತನಾಡತೊಡಗಿದಾಗ ದಾರಿ ಕಿಕ್ಕಿರಿಯುತ್ತದೆ. ಒಂದು ತಡಮಾಡಿದರೆ ಉಳಿದವು ಕಾದು ಕುಳಿತಿರಬೇಕಾಗುತ್ತದೆ. ನಮ್ಮ ಲೆಕ್ಕವನ್ನು ನಮ್ಮ ಯಂತ್ರಗಳ ಮೇಲೆಯೇ ನಡೆಸಿ ನೋಡುವುದು ನಿಜವಾದ ಪರೀಕ್ಷೆ.

ಮೂರನೆಯದಾಗಿ, ನಡುವೆ ಒಂದು ಯಂತ್ರ ಕೆಟ್ಟರೆ ಗತಿಯೇನು? ಅಂತಹ ಸುದ್ದಿಯನ್ನು ಉಳಿದವುಗಳಿಗೆ ತಿಳಿಸುವ ಏರ್ಪಾಡು ಪಿವಿಎಂನಲ್ಲಿತ್ತು. ಎಂಪಿಐಯಲ್ಲಾದರೋ, ಬೇರೆ ವ್ಯವಸ್ಥೆ ಮಾಡದಿದ್ದರೆ, ದೋಷ ಕಂಡೊಡನೆ ಕೆಲಸವೆಲ್ಲವೂ ನಿಂತುಹೋಗುವುದು ವಾಡಿಕೆ. ಹಲವು ದಿನ ನಡೆಯುವ ಲೆಕ್ಕವಾದರೆ ನಡುನಡುವೆ ಫಲಿತಾಂಶವನ್ನು ಕಾದಿರಿಸುತ್ತಿರಬೇಕು.

ಕೊನೆಯದಾಗಿ, ಬಾಳಿಕೆ. ಯಂತ್ರಗಳು ಕೆಲವೇ ವರ್ಷಗಳಲ್ಲಿ ಹಳತಾಗುತ್ತವೆ. ಎಲ್ಲರೂ ಒಪ್ಪಿದ ನಿಯಮಕ್ಕೆ ಬದ್ಧವಾಗಿ ಬರೆದ ಪ್ರೋಗ್ರಾಮು ಮಾತ್ರ ಹೊಸ ಯಂತ್ರಕ್ಕೂ ಸಲ್ಲುತ್ತದೆ. ವೇಗದಲ್ಲಿ ತುಸು ಹಿಂದಾದರೂ ಈ ಗುಣವುಳ್ಳದ್ದನ್ನೇ ಆರಿಸಿಕೊಳ್ಳಿರೆಂದು ತರುಣರಿಗೆ ನನ್ನ ಸಲಹೆ.

ನಮ್ಮ ವಿದ್ಯಾರ್ಥಿಗಳು ಶಾಲೆಯ ನಾಲ್ಕು ಹಳೆಯ ಗಣಕಗಳನ್ನು ಜೋಡಿಸಿ ಈ ಅಳತೆಗಳನ್ನು ತಾವೇ ಮಾಡಬಹುದು. ಮಾಡಿ, ಕಂಡುದನ್ನು ಕನ್ನಡದಲ್ಲಿ ಬರೆದಿಡಲಿ ಎಂದು ಹಾರೈಸುತ್ತೇನೆ.