ತೊಟ್ಟಿ ತೊಳೆದ ನೀರು ಎಲ್ಲಿಗೆ?

ಅಮೆರಿಕದ ಕಾಡು-ಬೆಟ್ಟಗಳಲ್ಲಿ ತಂಗುವ ಪ್ರವಾಸಿಗರ ಮೋಟಾರ್‌ಹೋಮ್‌ ಎಂಬ ಮನೆ-ವಾಹನದ ಅಡಿಯಲ್ಲಿ ಸಾಮಾನ್ಯವಾಗಿ ಎರಡು ತೊಟ್ಟಿಗಳಿರುತ್ತವೆ: ಶೌಚದ್ದೊಂದು, ಸ್ನಾನ ಹಾಗೂ ಪಾತ್ರೆ ತೊಳೆದ ನೀರಿನದೊಂದು. ನಿಗದಿತ ಸ್ಥಳದಲ್ಲಿ ಶೌಚದ ತೊಟ್ಟಿಯನ್ನು ಮೊದಲು ಬರಿದು ಮಾಡುತ್ತಾರೆ. ಆಮೇಲೆ ಬಿಡುವ ಸಾಬೂನು ನೀರು ಕೊಳವೆಯನ್ನು ತೊಳೆಯುತ್ತದೆ. ಶೌಚದ ತೊಟ್ಟಿಯ ಕವಾಟವನ್ನು ಸದಾ ತೆರೆದಿಟ್ಟರೆ ದ್ರವವಷ್ಟೇ ಹರಿದುಹೋಗಿ ಮಲವು ತಳದಲ್ಲಿ ಗಟ್ಟಿಯಾಗುತ್ತದೆ.

ಇಷ್ಟು ಶುಚಿತ್ವದ ಮಾತು. ಕೇಡಿರುವುದು ದುರ್ವಾಸನೆ ತಡೆಯಲೆಂದು ಕೆಲವರು ಸುರಿಯುವ ಫಾರ್ಮಾಲ್ಡಿಹೈಡ್‌ನಲ್ಲಿ. (ಕಾಲೇಜಿನ ಪ್ರಯೋಗಾಲಯದಲ್ಲಿ ಸತ್ತ ಕಪ್ಪೆಯನ್ನು ಕೆಡದಂತಿಡುವ ಫಾರ್ಮಾಲಿನ್ ಇದರದೇ ದ್ರಾವಣ!) ಶಿಬಿರತಾಣದ ಸೆಪ್ಟಿಕ್ ಗುಂಡಿಯಲ್ಲಿ ಮಲವನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳನ್ನು ಅದು ಕೊಲ್ಲುತ್ತದೆ. ಕೊಳೆಯದ ಮಲವು ಇಂಗುನೆಲವನ್ನು ಮುಚ್ಚಿಬಿಡುತ್ತದೆ. ಕೊಳಚೆ ಅಂತರ್ಜಲಕ್ಕಿಳಿದರೆ ಸುತ್ತಲಿನ ಬಾವಿಗಳೂ ಕೆಡುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ ಇದನ್ನು ಬಳಸಬೇಡಿರೆಂದು ಹೇಳಿದೆ. ಸೂಕ್ಷ್ಮಜೀವಿಗಳಿರುವ ಪುಡಿಗಳು ದೊರೆಯುತ್ತವೆ. ಧಾರಾಳ ನೀರು ಬಿಟ್ಟು ಆಗಾಗ ತೊಳೆದರೆ ಅನೇಕ ವೇಳೆ ಅವೂ ಬೇಕಾಗುವುದಿಲ್ಲ.