ಹಾಡಿನ ಕೊನೆಗೆ ಹೆಸರು

(ಬೆಟ್ಟದಪುರದಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈಗ ನೀವು ಕೇಳಿದ ಹಾಡು 1923ರಲ್ಲಿ ಅಮೆರಿಕದಲ್ಲಿ ಮುದ್ರಣವಾದದ್ದು. ಹಾಡಿದವಳು ಬೆಸ್ಸಿ ಸ್ಮಿತ್ ಎಂಬ ಕಪ್ಪು ಜನಾಂಗದ ಹೆಂಗಸು. ಹಿಂದಿನಿಂದ ಒಗ್ಗರಣೆ ಸಿಡಿದಂತೆ ಚಟಪಟ ಸದ್ದು ಬಂತಲ್ಲ, ಅದು ಹಳೆಯ ತಟ್ಟೆಯದು. ಮುಂದೆ ಕುಳಿತ ಅಜ್ಜಿಯೊಬ್ಬರು "ಇದೇನವ್ವಾ, ಹಾಡ್ತಾವ್ಳೋ ಅಳ್ತಾವ್ಳೋ?" ಎಂದು ಪಕ್ಕದವರನ್ನು ಕೇಳಿದ್ದು ನನ್ನ ಕಿವಿಗೂ ಬಿತ್ತು. ನಾನು ಇಷ್ಟು ವರ್ಷ ಈ ಹಾಡುಗಳನ್ನು ಕೇಳುತ್ತಾ ಬಂದಿದ್ದೇನೆ, ಆ ಪ್ರಶ್ನೆಗೆ ನನಗಿನ್ನೂ ಉತ್ತರ ಸಿಕ್ಕಿಲ್ಲ.

ವರದಕ್ಷಿಣೆ, ದೌರ್ಜನ್ಯದ ಬಗ್ಗೆ ಮಾತಾಡಲು ಕರೆಸಿದರೆ ಈಕೆ ಇಂಗ್ಲಿಷ್ ಹಾಡು ಹಾಕುತ್ತಿದ್ದಾರಲ್ಲ ಎಂದು ಸಭೆ ಕರೆದವರ ಮುಖದಲ್ಲಿ ಗಾಬರಿ ಕಾಣುತ್ತಿದೆ. ಸ್ವಲ್ಪ ತಾಳಿ. ವಿಷಯಕ್ಕೆ ಬರುತ್ತೇನೆ.

ಈ ಸೀಮೆಯಲ್ಲಿ ಹೊಗೆಸೊಪ್ಪು ಮುಟ್ಟದ ಕೈ ಯಾವುದಿದೆ? ಪಿರಿಯಾಪಟ್ಟಣ, ಹುಣಸೂರು, ಕೋಟೆ, ಕೆ.ಆರ್. ನಗರ, ಎಲ್ಲ ಕಡೆಯೂ ಸೊಪ್ಪು ಮುರಿಯುವ ಕಾಲಕ್ಕೆ ಕಡ್ಡಿಗೆ ಕಟ್ಟುವ ಕೆಲಸ ಹೆಂಗಸರದೇ. ಆ ಸೊಪ್ಪಿಗೆ ವರ್ಜೀನಿಯಾ ಎನ್ನುತ್ತೇವೆ. ವರ್ಜೀನಿಯಾ ಅಮೆರಿಕದ ಒಂದು ರಾಜ್ಯ. ಅಲ್ಲಿ ಆ ಬೆಳೆಯನ್ನು ಬೆಳೆದವರು ಆಫ್ರಿಕಾದಿಂದ ಸರಪಳಿ ಬಿಗಿದು ತಂದು ಮಾರಿದ ಜನ. ದಕ್ಷಿಣದ ರಾಜ್ಯಗಳ ಹತ್ತಿ ಹೊಲಗಳಲ್ಲಿ ದುಡಿದವರೂ ಅವರೇ. 1865ರಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿಯಿತು, ಬಡತನ ಮುಗಿಯಲಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಹಾಡಿಗೆ ಬ್ಲೂಸ್ ಎಂದು ಹೆಸರು. ದುಃಖದ ಹಾಡು ಎಂದು ಸುಲಭಕ್ಕೆ ಹೇಳಬಹುದು, ಆದರೆ ಅದರಲ್ಲಿ ನಗು, ಬೈಗುಳ, ಪೋಲಿತನ ಎಲ್ಲವೂ ಉಂಟು.

ಆ ಹಾಡಿನ ಕಟ್ಟು ನಿಮಗೆ ಹೊಸದಲ್ಲ. ಒಂದು ಸಾಲು ಹಾಡಿ, ಅದನ್ನೇ ಇನ್ನೊಮ್ಮೆ ಹಾಡಿ, ಮೂರನೆಯ ಸಾಲಿನಲ್ಲಿ ಉತ್ತರ ಹೇಳುತ್ತಾರೆ. ನಮ್ಮ ಬೀಸುವ ಪದವೂ ಮೂರು ಸಾಲಿನ ತ್ರಿಪದಿಯೇ. ಹಾಡುವಾಗ ನಡುವಿನ ಸಾಲನ್ನು ಮತ್ತೆ ಹಿಡಿಯುತ್ತೇವೆ. ಯಾರು ಯಾರಿಂದಲೂ ಕಲಿತದ್ದಲ್ಲ. ಕೈ ದುಡಿಯುತ್ತಿರುವಾಗ ಒಂದು ಸಾಲನ್ನು ಎರಡು ಸಲ ಹೇಳಿದರೆ ಮುಂದಿನ ಸಾಲು ನೆನಪಿಗೆ ಬರಲು ಸಮಯ ಸಿಗುತ್ತದೆ ಎಂದು ನನ್ನ ಊಹೆ. ಹಾಡು ಕಟ್ಟುವವರು ನೀವು, ನಾನು ಹೇಳಿದ್ದು ತಪ್ಪಿದ್ದರೆ ತಿದ್ದಿ.

ಕಪ್ಪು ಹೆಂಗಸಿನ ಬ್ಲೂಸ್ ಹಾಡು ತಟ್ಟೆಯ ಮೇಲೆ ಬಂದದ್ದು 1920ರಲ್ಲಿ, ಮೇಮಿ ಸ್ಮಿತ್ ಎಂಬವಳ ದನಿಯಲ್ಲಿ. ಅಲ್ಲಿಯವರೆಗೆ ಕಪ್ಪು ಜನ ದುಡ್ಡು ಕೊಟ್ಟು ತಟ್ಟೆ ಕೊಂಡಾರೆಂದು ಕಂಪೆನಿಗಳು ನಂಬಿರಲಿಲ್ಲ. ಸಾವಿರಗಟ್ಟಲೆ ಖರ್ಚಾದಾಗ ಕಣ್ಣು ಬಿಟ್ಟವು. ಮೂರು ವರ್ಷದ ಮೇಲೆ ಬಂದ ಬೆಸ್ಸಿಯ ಮೊದಲ ತಟ್ಟೆ ಲಕ್ಷಗಟ್ಟಲೆ ಮಾರಾಟವಾಯಿತು. ಅವಳಿಗೆ ಸಿಕ್ಕಿದ್ದು ಹಾಡೊಂದಕ್ಕೆ ಇಷ್ಟು ಎಂಬ ಕೂಲಿ ಮಾತ್ರ. ಮಾರಿದ ತಟ್ಟೆಗಳ ಲೆಕ್ಕದಲ್ಲಿ ಪಾಲು ಇರಲಿಲ್ಲ. ಆದರೂ ಊರೂರಿಗೆ ಪ್ರದರ್ಶನ ಕೊಟ್ಟು ಬಹಳ ಹಣ ಗಳಿಸಿದಳು. ಅದೇ ವರ್ಷ ಮದುವೆಯಾದಳು. ಗಂಡ ಅವಳನ್ನು ಹೊಡೆಯುತ್ತಿದ್ದ, ಅವಳ ಗಳಿಕೆಯನ್ನು ತೆಗೆದುಕೊಂಡು ಹೋಗುತ್ತಿದ್ದ. ಅವಳೇನೂ ಮೆತ್ತಗಿನವಳಲ್ಲ, ಜಗಳಗಂಟಿ, ಕುಡಿಯುತ್ತಿದ್ದಳು, ತಿರುಗಿ ಹೊಡೆಯುತ್ತಿದ್ದಳು ಎಂದು ಜೀವನಚರಿತ್ರೆ ಬರೆದವರು ಹೇಳುತ್ತಾರೆ. "ಗಟ್ಟಿಗಿತ್ತಿಗೆ ಯಾರು ಹೊಡೀತಾರೆ?" ಎನ್ನುವವರಿಗೆ ಇದನ್ನು ಹೇಳುತ್ತಿದ್ದೇನೆ.

1937ರ ಸೆಪ್ಟೆಂಬರಿನಲ್ಲಿ ಕಾರು ಅಪಘಾತದಲ್ಲಿ ಬೆಸ್ಸಿ ತೀರಿಕೊಂಡಳು. ಸಾವಿರಾರು ಜನ ಮಣ್ಣಿಗೆ ಬಂದರು. ಸಮಾಧಿಗೆ ಮಾತ್ರ ಮೂವತ್ತಮೂರು ವರ್ಷ ಒಂದು ಕಲ್ಲು ಇರಲಿಲ್ಲ. ಕಲ್ಲಿಗೆಂದು ಎತ್ತಿದ ಹಣವನ್ನೂ ಗಂಡನೇ ಜೇಬಿಗಿಳಿಸಿದ ಎನ್ನುತ್ತಾರೆ. ಕೊನೆಗೆ 1970ರಲ್ಲಿ ಕಲ್ಲು ನಿಲ್ಲಿಸಲು ಹಣ ಕೊಟ್ಟವರು ಇಬ್ಬರು ಹೆಂಗಸರು. ಒಬ್ಬಳು ಜಾನಿಸ್ ಜಾಪ್ಲಿನ್ ಎಂಬ ಬಿಳಿಯ ಗಾಯಕಿ. ಇನ್ನೊಬ್ಬಳು ಜುವಾನಿಟಾ ಗ್ರೀನ್, ಹುಡುಗಿಯಾಗಿದ್ದಾಗ ಬೆಸ್ಸಿಯ ಮನೆಯ ನೆಲ ಒರೆಸುತ್ತಿದ್ದವಳು.

ಅಮೆರಿಕದ ಕತೆ ಅಲ್ಲಿಗಿರಲಿ. ನಮ್ಮ ಮೈಸೂರಿಗೆ ಬನ್ನಿ. 1902ರಲ್ಲಿ ಗ್ರಾಮಫೋನ್ ಕಂಪೆನಿಯವರು ಕಲ್ಕತ್ತೆಗೆ ಬಂದು ಹಾಡು ಮುದ್ರಿಸಿದಾಗ ಹೆಸರಾಂತ ಸಂಗೀತಗಾರರು ಆ ಯಂತ್ರದ ಹತ್ತಿರ ಸುಳಿಯಲಿಲ್ಲ. ಧೈರ್ಯ ಮಾಡಿದವಳು ಗೌಹರ್ ಜಾನ್. ಆಗ ಮೈಕು ಇರಲಿಲ್ಲ, ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಕೂಗಿ ಹಾಡಬೇಕು. ತಟ್ಟೆ ತಯಾರಾಗುತ್ತಿದ್ದುದು ಜರ್ಮನಿಯಲ್ಲಿ, ಅರಗು ಬೆರೆಸಿದ ಮಸಾಲೆಯಿಂದ. ಅಲ್ಲಿನ ಕೆಲಸಗಾರರಿಗೆ ಯಾರ ಹಾಡೆಂದು ಗುರುತು ಸಿಗಲೆಂದು ಮೂರು ನಿಮಿಷದ ಹಾಡು ಮುಗಿದ ಕೂಡಲೇ ಅವಳು ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು. ಈಗಲೂ ಆ ತಟ್ಟೆ ಹಾಕಿದರೆ ಕೇಳುತ್ತದೆ. ಮನೆತನದ ಹೆಂಗಸು ಗಂಡನ ಹೆಸರನ್ನೂ ಹೇಳಬಾರದು, ತನ್ನ ಹೆಸರನ್ನೂ ಹೇಳಿಸಿಕೊಳ್ಳಬಾರದು ಎನ್ನುತ್ತಿದ್ದ ಕಾಲ ಅದು. ಅವಳು ಕುಲೀನರ ಮನೆಯವಳಲ್ಲ, ಕೋಠಿಯಲ್ಲಿ ಹಾಡುವವಳು. ಅದಕ್ಕೇ ಹೇಳಲು ಸಾಧ್ಯವಾಯಿತೋ ಏನೋ.

ನಂಬಿ ಕಟ್ಟಿಕೊಂಡವನೊಡನೆ ಅವಳು ಕೋರ್ಟು ಹತ್ತಬೇಕಾಯಿತು, ಗಳಿಸಿದ್ದರಲ್ಲಿ ಬಹಳಷ್ಟು ವ್ಯಾಜ್ಯದಲ್ಲಿ ಕರಗಿತು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವಳನ್ನು ಅರಮನೆಯ ಸಂಗೀತಗಾರ್ತಿಯಾಗಿ ಕರೆಸಿಕೊಂಡರು. ಸಂಬಳ ತಿಂಗಳಿಗೆ 500 ರೂಪಾಯಿ. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ನಾವು ಬಸ್ಸು ಹತ್ತಿ ಆಸ್ಪತ್ರೆಗೋ ಸೀರೆ ಅಂಗಡಿಗೋ ಹೋಗುವ ಊರು ಅದು.

ಇನ್ನೊಬ್ಬಳು ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ. ರಹಮತ್ ತರೀಕೆರೆಯವರು ಅವಳ ಮೇಲೆ ಒಂದು ಪುಸ್ತಕ ಬರೆದಿದ್ದಾರೆ, ಸಿಕ್ಕಿದರೆ ಓದುಬಲ್ಲವರು ಉಳಿದವರಿಗೆ ಓದಿ ಹೇಳಿ. ಕನ್ನಡದಲ್ಲಿ ಹಾಡಿದಳು, ಮುಂಬಯಿಗೆ ಹೋಗಿ ಹಿಂದಿ ಸಿನೆಮಾದಲ್ಲಿ ಹಾಡಿದಳು. 1943ರ 'ಕಿಸ್ಮತ್' ಚಿತ್ರದ ಹಾಡುಗಳು ದೇಶವನ್ನೆಲ್ಲ ಸುತ್ತಿದವು. ಹೆಸರಿತ್ತು, ಹಣವಿತ್ತು. ಮನೆಯಲ್ಲಿ ಗಂಡನ ಹೊಡೆತವೂ ಇತ್ತು. ಆತ ಸಿನೆಮಾದಲ್ಲಿ ಖಳನ ಪಾತ್ರ ಮಾಡುತ್ತಿದ್ದ ನಟ, ಅವನ ಹೆಸರು ಈ ಸಭೆಗೆ ಬೇಡ. ವಕೀಲರೊಬ್ಬರು ಬೆನ್ನಿಗೆ ನಿಂತ ಮೇಲೆ ಅವಳಿಗೆ ಬಿಡುಗಡೆ ಸಿಕ್ಕಿತು. ಮತ್ತೆ ಮದುವೆಯಾದಳು, ವಿಜಾಪುರದಲ್ಲಿ ತನ್ನ ಹೆಸರಿನಲ್ಲೇ ಒಂದು ಟಾಕೀಸು ಕಟ್ಟಿಸಿದಳು. 1965ರಲ್ಲಿ ತೀರಿಕೊಂಡಳು.

ಇದನ್ನು ನಿಮಗೆ ಹೇಳಲು ಕಾರಣವಿದೆ. ಹೆಂಗಸಿನ ಕೈಯಲ್ಲಿ ನಾಲ್ಕು ಕಾಸು ಆಡಿದರೆ ಹೊಡೆತ ತಾನಾಗಿ ನಿಲ್ಲುತ್ತದೆ ಎಂದು ನಾವು ವೇದಿಕೆಗಳಲ್ಲಿ ಹೇಳುತ್ತಾ ಬಂದಿದ್ದೇವೆ. ನಾನೂ ಹೇಳಿದ್ದೇನೆ. ಲಕ್ಷ ಲಕ್ಷ ತಟ್ಟೆ ಮಾರಿದ ಬೆಸ್ಸಿಗೆ ನಿಲ್ಲಲಿಲ್ಲ, ಅಮೀರ್‌ಬಾಯಿಗೂ ನಿಲ್ಲಲಿಲ್ಲ. ಸಂಘದಿಂದ ನೀವು ಎತ್ತಿದ ಸಾಲ ಎಷ್ಟು ದಿನ ನಿಮ್ಮ ಸೆರಗಿನಲ್ಲಿ ಇರುತ್ತದೆ, ಯಾರ ಜೇಬಿಗೆ ಹೋಗುತ್ತದೆ, ಕಂತು ಯಾರು ಕಟ್ಟುತ್ತಾರೆ, ನಿಮಗೇ ಗೊತ್ತು. ಅಮೀರ್‌ಬಾಯಿಗೆ ಹಣದ ಜೊತೆಗೆ ಬೇಕಾದದ್ದು ಬಾಗಿಲ ತನಕ ಬರುವ ಇನ್ನೊಬ್ಬ ಮನುಷ್ಯ.

ಈ ಹಾಡುಗಳಲ್ಲಿ ನನಗೆ ಒಪ್ಪಿಗೆಯಾಗದ್ದೂ ಇದೆ. ಬ್ಲೂಸಿನ ತಾಯಿ ಎಂದು ಹೆಸರಾದ ಮಾ ರೇನಿ 1928ರ ಒಂದು ಹಾಡಿನಲ್ಲಿ ತುಟಿ ಒಡೆಯುವಂತೆ ಹೊಡೆಯುವ ಗಂಡಸನ್ನು ಹೊಗಳುತ್ತಾಳೆ, ಅವನನ್ನು ಬಿಟ್ಟಿರಲಾರೆ ಎನ್ನುತ್ತಾಳೆ. ಕೇಳಿದರೆ ಸಂಕಟವಾಗುತ್ತದೆ. ನಮ್ಮ ಬೀಸುವ ಪದಗಳಲ್ಲೂ ಅತ್ತೆಯ ಚುಚ್ಚುಮಾತು, ಗಂಡನ ಏಟು ಎಲ್ಲ ಬಂದು, ಕೊನೆಗೆ ತಾಳಿಕೋ ಮಗಳೇ ಎಂಬಲ್ಲಿಗೆ ಮುಗಿಯುವವು ಎಷ್ಟಿಲ್ಲ? (ಒಂದು ಮಾತು: ಹಳೆಯ ಪದಗಳಲ್ಲಿ ಏಟು ಕೇಳಿದಷ್ಟು ವರದಕ್ಷಿಣೆಯ ಮಾತನ್ನು ನಾನು ಕೇಳಿಲ್ಲ. ತೆರ ಕೊಟ್ಟು ಹೆಣ್ಣು ತರುತ್ತಿದ್ದ ಮನೆಗಳೇ ಈಗ ಬೈಕು, ಚಿನ್ನ ಎನ್ನುತ್ತಿವೆ.) ಆಂಜೆಲಾ ಡೇವಿಸ್ ಎಂಬ ಹೋರಾಟಗಾರ್ತಿ 1998ರಲ್ಲಿ ಈ ಗಾಯಕಿಯರ ಮೇಲೆ ಒಂದು ಪುಸ್ತಕ ಬರೆದಳು. ನಾಲ್ಕು ಗೋಡೆಯೊಳಗಿನ ಏಟನ್ನು ನಾಲ್ಕು ಜನರ ಮುಂದೆ ಹೇಳಿದ್ದೇ ಆ ಹಾಡುಗಳ ದೊಡ್ಡಸ್ತಿಕೆ, ಹೇಳದೆ ಇದ್ದರೆ ಚಳವಳಿ ಎಲ್ಲಿಂದ ಶುರುವಾದೀತು ಎಂಬುದು ಅವಳ ವಾದದ ತಿರುಳು. ಒಪ್ಪುತ್ತೇನೆ. ಆದರೆ ಹೇಳಿದರಷ್ಟೇ ಸಾಲದು, ಕೇಳಿದವರು ಏನು ಮಾಡಿದರು? ಅದಕ್ಕೆ ನನ್ನದೇ ಲೆಕ್ಕ ಒಪ್ಪಿಸಬೇಕು.

1988ರಲ್ಲಿ ನಾನು ಕಾಲೇಜಿಗೆ ಹೊಸಬಳು, ಒಂದು ವಠಾರದಲ್ಲಿ ಒಬ್ಬಳೇ ಇದ್ದೆ. ಅಮೆರಿಕದಲ್ಲಿದ್ದು ಬಂದ ಸಹೋದ್ಯೋಗಿಯೊಬ್ಬರು ಬೆಸ್ಸಿಯ ಕ್ಯಾಸೆಟ್ ಕೊಟ್ಟಿದ್ದರು. ರಾತ್ರಿ ಉತ್ತರಪತ್ರಿಕೆ ತಿದ್ದುತ್ತಾ ಅದನ್ನೇ ಹಾಕುತ್ತಿದ್ದೆ. ಪಕ್ಕದ ಮನೆಯಲ್ಲಿ ಗಂಡ ಹೆಂಡತಿ. ಕೆಲವು ರಾತ್ರಿ ಗೋಡೆಗೆ ಏನೋ ಬಡಿದ ಸದ್ದು, ಆಮೇಲೆ ಬಾಯಿಗೆ ಸೆರಗು ತುರುಕಿಕೊಂಡು ಅಳುವ ಸದ್ದು. ನಾನೇನು ಮಾಡಿದೆ? ಕ್ಯಾಸೆಟ್ಟಿನ ದನಿ ಹೆಚ್ಚಿಸಿದೆ. ಹೊಡೆಸಿಕೊಂಡ ಹೆಂಗಸಿನ ಹಾಡನ್ನು ಮೆಚ್ಚಿ ಕೇಳಲೆಂದು ಹೊಡೆಸಿಕೊಳ್ಳುತ್ತಿದ್ದ ಹೆಂಗಸಿನ ಅಳುವನ್ನು ಮುಚ್ಚಿದೆ. 498ಎ ಕಾನೂನು ಬಂದು ಆಗಲೇ ಐದು ವರ್ಷವಾಗಿತ್ತು. ಪತ್ರಿಕೆಯಲ್ಲಿ ಓದಿದ್ದೆ, ಹುಡುಗಿಯರಿಗೆ ಅದರ ಮೇಲೆ ಪ್ರಬಂಧವನ್ನೂ ಬರೆಸಿದ್ದೆ.

ಕೆಲವು ತಿಂಗಳ ಮೇಲೆ ಅವರು ಮನೆ ಖಾಲಿ ಮಾಡಿದರು. ಸಾಮಾನು ಗಾಡಿಗೆ ಹೇರುತ್ತಿದ್ದಾಗ ಆಕೆ ಬಾಗಿಲಿಗೆ ಬಂದು ನಿಂತಳು. "ಮೇಡಂ, ರಾತ್ರಿ ಹೊತ್ತು ಹಾಕ್ತಿದ್ರಲ್ಲ ಹಾಡು, ಯಾರದು ಅದು? ಮಾತು ತಿಳೀತಿರಲಿಲ್ಲ. ನಂಗೋಸ್ಕರ ಜೋರಾಗಿ ಹಾಕ್ತೀರಿ ಅನ್ಕೊಂಡಿದ್ದೆ" ಎಂದಳು. ಬೆಸ್ಸಿ ಸ್ಮಿತ್ ಎಂದು ಹೇಳಿದೆ. ಆಕೆ ಎರಡು ಸಲ ಹೇಳಿ ನೋಡಿಕೊಂಡಳು. ಗಾಡಿ ತಿರುವು ದಾಟಿದ ಮೇಲೆ ನೆನಪಾಯಿತು, ಆಕೆಯ ಹೆಸರನ್ನು ನಾನು ಒಂದು ದಿನವೂ ಕೇಳಿರಲಿಲ್ಲ.

ಈಗ ಕಾನೂನು ಇನ್ನಷ್ಟು ಬಂದಿದೆ. 498ಎ ಕಲಮು 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಾಗಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲಿ ಪಕ್ಕದ ಮನೆಯವರಿಗಾಗಿಯೇ ಒಂದು ಮಾತಿದೆ. ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬರುವುದಿಲ್ಲ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಆ ಜವಾಬ್ದಾರಿ ಇದೆ. ನಿಮ್ಮ ಅಂಗನವಾಡಿ ಟೀಚರಿಗೆ ಆ ಕಚೇರಿ ಗೊತ್ತಿರುತ್ತದೆ. ಸಹಾಯವಾಣಿ 181. ಫೋನಿಗೆ ಮೊದಲು ಬಾಗಿಲು ಬಡಿದು "ಸ್ವಲ್ಪ ಹೆಪ್ಪು ಕೊಡ್ತೀಯಾ ತಾಯಿ" ಎಂದು ಕೇಳಿದರೂ ಆ ಹೊತ್ತಿನ ಕೈ ನಿಂತೀತು.

ಇನ್ನೊಂದು ಕೆಲಸ ಕೇಳಿಕೊಳ್ಳುತ್ತೇನೆ. ನಮ್ಮ ಹೆಂಗಸರ ಹಾಡುಗಳು ಪುಸ್ತಕವಾಗಿ ಬಂದಿವೆ. ಬಹಳಷ್ಟು ಪುಸ್ತಕಗಳ ಮೇಲೆ ಸಂಗ್ರಹ ಮಾಡಿದವರ ಹೆಸರು ದೊಡ್ಡದಾಗಿದೆ, ಹಾಡಿದವರನ್ನು ಹುಡುಕಬೇಕು. ಗೌಹರ್ ಜಾನಳ ಕಾಲದ ಕಹಳೆ ಈಗ ಬೇಡ, ನಿಮ್ಮಲ್ಲಿ ಅರ್ಧ ಜನರ ಕೈಯಲ್ಲಿ ಫೋನಿದೆ. ಮನೆಯಲ್ಲಿ ಅತ್ತೆ, ಅಜ್ಜಿ ಹಾಡುವವರಿದ್ದರೆ ಕೂರಿಸಿ, ಹಾಡಿಸಿ, ಮುದ್ರಿಸಿಕೊಳ್ಳಿ. ಹಾಡು ಮುಗಿದ ಮೇಲೆ ಫೋನು ಆರಿಸಬೇಡಿ. ಹೆಸರು ಹೇಳಿಸಿ, ಇಂಥವರ ಹೆಂಡತಿ, ಇಂಥವರ ತಾಯಿ ಎಂದಲ್ಲ, ಅವರದೇ ಹೆಸರು.

ಮೊದಲು ಪ್ರಶ್ನೆ ಕೇಳಿದ ಅಜ್ಜಿ ಹಾಡಲು ಒಪ್ಪಿದ್ದಾರೆ. ಬನ್ನಿ ಅಜ್ಜಿ, ಇಲ್ಲಿ ಕುರ್ಚಿ ಇದೆ. ಆ ಫ್ಯಾನು ಆರಿಸಮ್ಮ ಯಾರಾದರೂ, ಸದ್ದು ಬರುತ್ತದೆ.